ಕಾದಂಬರಿಯಲ್ಲಿ ತೀರಿಕೊಂಡ ಅಕ್ಕ

ಅವರಿಗೆ ಎರಡು ಹೆಸರಿದ್ದವು. ಒಂದು ತಾಯಿತಂದೆ ಇಟ್ಟದ್ದು. ಅದನ್ನು ಎಲ್ಲಿಯೂ ಬರೆಯುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಇನ್ನೊಂದು ಮಂಗಲಾ. ಅದನ್ನು ಇಟ್ಟವನು ಅವರ ಸ್ವಂತ ತಮ್ಮ, ತಾನು ಬರೆದ ಕಾದಂಬರಿಯೊಳಗೆ. ಆ ಕಾದಂಬರಿಯ ಕೊನೆಯ ಪುಟದಲ್ಲಿ ಮಂಗಲಾ ಹಿತ್ತಲ ಬಾವಿಗೆ ಬಿದ್ದು ಸಾಯುತ್ತಾಳೆ. ಅಕ್ಕಾರು ಮಾತ್ರ ಪುಸ್ತಕ ಅಚ್ಚಾದ ಮೇಲೂ ಬಹಳ ವರ್ಷ ಬದುಕಿ, ಹೋದ ತಿಂಗಳು ಬಬಲೇಶ್ವರದ ತಮ್ಮದೇ ಮನೆಯಲ್ಲಿ ಮುಂಜಾನೆಯ ಚಹಾ ಕುಡಿದು ಕುಳಿತಲ್ಲಿಯೇ ಎದೆ ಹಿಡಿದುಕೊಂಡು ತೀರಿಕೊಂಡರು. ಊರಿನವರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ವಿಜಯಪುರದಲ್ಲಿ ಕನ್ನಡ ಕಲಿಸುವವಳು. ನಮ್ಮ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಅಬ್ಬಾ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಯಲ್ಲಿ ಕನ್ನಡ ಪುಸ್ತಕ ಓದುವವಳು ನಾನೊಬ್ಬಳೇ. ಅಕ್ಕಾರ ಪರಿಚಯವಾದದ್ದೂ ಪುಸ್ತಕದಿಂದಲೇ. ಆ ಪರಿಚಯ ಶುರುವಾದ ರೀತಿ ನೆನೆದರೆ ಈಗಲೂ ನನಗೆ ತಲೆ ತಗ್ಗಿಸುವಂತಾಗುತ್ತದೆ.

ಅವರನ್ನು ಮೊದಲು ಕಂಡದ್ದು ತಿಕೋಟಾದಲ್ಲಿ. ಕಾದಂಬರಿಕಾರ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಊರಿನ ಓದುಗರು ಕೂಡಿ ಒಂದು ಕಲ್ಯಾಣ ಮಂಟಪದಲ್ಲಿ ಅವರ ಬರಹದ ಮೇಲೆ ವಿಚಾರಸಂಕಿರಣ ಇಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಮಂಗಲಾಳ ಕಾದಂಬರಿ. ಅದರ ಬಗ್ಗೆ ಅಷ್ಟರೊಳಗೆ ಬಹಳ ಜನ ಬರೆದಿದ್ದರು. ಗಂಡನ ಮನೆಯ ದಬ್ಬಾಳಿಕೆಗೆ ಮಂಗಲಾ ಮೌನದಿಂದ ಪ್ರತಿಭಟಿಸುತ್ತಾಳೆ ಎಂದು ಕೆಲವರು; ಅವಳು ಕೆಲಸಗಳ್ಳಿ, ಸ್ವಾರ್ಥಿ, ಹೆತ್ತ ಕೂಸನ್ನು ಎತ್ತಿಕೊಳ್ಳದ ಕಲ್ಲು ಎಂದು ಇನ್ನು ಕೆಲವರು. ನಾನು ಎರಡನ್ನೂ ಒಪ್ಪಿರಲಿಲ್ಲ.

ನನ್ನ ವಾದ ಸರಳವಾಗಿತ್ತು. ಬಾಣಂತಿ ಮಂಗಲಾಗೆ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಬಾಯಿಗೆ ಇಟ್ಟದ್ದೆಲ್ಲ ಮಣ್ಣು ಮಣ್ಣು. ಎರಡು ಸೀರೆಗಳ ಮುಂದೆ ನಿಂತು ಯಾವುದನ್ನು ಉಡಬೇಕೆಂದು ತಿಳಿಯದೆ ಅಲ್ಲಿಯೇ ಕುಸಿದು ಕೂರುತ್ತಾಳೆ. ಅವಳಿಗೆ ಬೆಳಗು ಭಾರ, ಸಂಜೆ ತುಸು ಹಗುರ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯುವುದನ್ನು ನೋಡುತ್ತ ಕುಳಿತಿರುತ್ತಾಳೆ, ಏಳುವುದಿಲ್ಲ. ತಾನು ಪಾಪಿ, ಎಲ್ಲರಿಗೂ ಹೊರೆ ಎನ್ನುತ್ತಾಳೆ. ಯಾವ ಪಾಪ ಎಂದು ಕೇಳಿದರೆ ಹೇಳಲು ಬಾರದು. ಇದು ಖಿನ್ನತೆ, ಹೆರಿಗೆಯ ನಂತರ ಬರಬಹುದಾದ ಒಂದು ಕಾಯಿಲೆ ಎಂದೆ. ಪಾಪ ಮಾಡಿದ್ದಕ್ಕೆ ಅವಳು ಖಿನ್ನಳಾಗಿಲ್ಲ. ಖಿನ್ನತೆಯೇ ಅವಳಿಗೊಂದು ಪಾಪವನ್ನು ಕಟ್ಟಿಕೊಟ್ಟಿದೆ. ಆ ಅಪರಾಧಿ ಭಾವ ರೋಗದ ಲಕ್ಷಣ, ರೋಗ ಹೋದರೆ ಅದೂ ಹೋಗುತ್ತದೆ ಎಂದೆ. ಚಪ್ಪಾಳೆ ಬಿತ್ತು.

ಕೊನೆಗೆ ಮಗುವಿನ ಬಗ್ಗೆಯೂ ಒಂದು ಭಾಗ ಸೇರಿಸಿದ್ದೆ. ತಾಯಿಯ ತೋಳು ಸಿಗದ ಇಂಥ ಮಗು ಮುಂದೆ ಯಾರನ್ನೂ ಪೂರ್ತಿ ನಂಬಲಾರದು, ಅದರ ಒಳಗೆ ಒಂದು ಜಾಗ ಕೊನೆಯವರೆಗೂ ಖಾಲಿ ಉಳಿಯುತ್ತದೆ ಎಂದು ಬರೆದಿದ್ದೆ. ವಾಕ್ಯ ಚೆನ್ನಾಗಿ ಬಂದಿದೆ ಅನಿಸಿ ಅದನ್ನು ಎರಡು ಸಲ ಓದಿದೆ.

ಮೊದಲ ಸಾಲಿನಲ್ಲಿ, ಕಾದಂಬರಿಕಾರರ ಅಕ್ಕ ಎಂದು ಶಾಲು ಹೊದಿಸಿ ಕೂರಿಸಿದ್ದ ಹೆಂಗಸು ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಎಣ್ಣೆಗಪ್ಪು ಮೈಬಣ್ಣ, ಎಲ್ಲದಕ್ಕೂ ಮೊದಲು ನಗಲು ಸಿದ್ಧವಿರುವ ಮುಖ. ತಮ್ಮನ ಬಗ್ಗೆ ಇಷ್ಟು ಜನ ಮಾತಾಡುವುದು ಕೇಳಿ ಹೆಮ್ಮೆಯಾಗಿರಬೇಕು ಎಂದುಕೊಂಡೆ.

ಸಂಜೆ ಬಸ್ಸಿನಲ್ಲಿ ಅವರು ನನ್ನ ಪಕ್ಕವೇ ಬಂದು ಕುಳಿತರು. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗಬೇಕಾದವರು ವಿಜಯಪುರದ ಬಸ್ಸು ಹತ್ತಿದ್ದನ್ನು ಕಂಡು, ಸುತ್ತು ಆಗುತ್ತದಲ್ಲ ಎಂದೆ.

"ಆಗಲಿ ಬಿಡ್ರಿ, ಹೆಣ್ಣಮಕ್ಕಳಿಗೆ ಫ್ರೀ ಐತಲ್ಲ," ಎಂದು ನಕ್ಕರು. ಬಸ್ಸು ಊರು ದಾಟಿ ದ್ರಾಕ್ಷಿ ತೋಟಗಳ ನಡುವೆ ಬಂದಾಗ ಮೆಲ್ಲಗೆ ಕೇಳಿದರು: "ಮೇಡಮ್ಮಾರ, ಆ ಕೂಸಿನ ಬಗ್ಗೆ ಹೇಳಿದ್ರಲ್ಲ, ಅದು ಖರೇ ಏನ್ರಿ?"

"ಯಾವ ಕೂಸು ಅಕ್ಕಾರ?"

"ಮಂಗಲಾನ ಕೂಸು. ಅದರೊಳಗ ಒಂದ ಜಾಗಾ ಕಡೀತನಕ ಖಾಲಿ ಉಳೀತೈತಿ ಅಂದ್ರಿ."

ಹಾಗೆ ಹೇಳುತ್ತಾರೆ, ಎಲ್ಲರಿಗೂ ಹಾಗೆಯೇ ಆಗಬೇಕೆಂದಿಲ್ಲ ಎಂದು ಏನೋ ಹೇಳಿದೆ.

"ತಾಯಿ ಆಮ್ಯಾಲ ಚಂದಂಗ ನೋಡಿಕೊಂಡ್ರ? ಆವಾಗೂ ತುಂಬಂಗಿಲ್ಲೇನ್ರಿ?"

"ಪುಸ್ತಕದಾಗ ತಾಯಿ ಸತ್ತ ಹೋಗತಾಳಲ್ರಿ ಅಕ್ಕಾರ," ಎಂದೆ ನಗುತ್ತ.

"ಸತ್ತಿಲ್ರಿ," ಎಂದರು. "ಇಲ್ಲೇ ಕುಂತೀನಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರ ಕಡೆ ತಿರುಗಲು ಆಗಲಿಲ್ಲ. ಶಾಲು ಹೊದಿಸಿ ಎದುರಿಗೆ ಕೂರಿಸಿಕೊಂಡು, ಇಡೀ ಸಭೆಗೆ ಅವರ ನಿದ್ದೆ, ಊಟ, ಸೀರೆ, ಕೂಸು ಎಲ್ಲವನ್ನೂ ಬಿಚ್ಚಿ ತೋರಿಸಿದ್ದೆ. ಆ ವಾಕ್ಯವನ್ನು ಎರಡು ಸಲ ಓದಿದ್ದೆ. ಅವರೇ ನನ್ನ ಮೊಣಕಾಲು ತಟ್ಟಿ, "ನಿಮಗೇನ ಗೊತ್ತಿತ್ತು, ಬಿಡ್ರಿ," ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ, "ಮನಿಗೆ ಬರ್ರಿ ಒಮ್ಮಿ. ನೀವು ಹೇಳಿದ್ರಾಗ ಸುಮಾರು ಖರೇ ಐತಿ, ಒಂದೆರಡು ತಪ್ಪ ಅದಾವ," ಎಂದರು.

ಮುಂದಿನ ಭಾನುವಾರವೇ ಬಬಲೇಶ್ವರಕ್ಕೆ ಹೋದೆ. ಆಮೇಲೆ ಹೋಗುವುದು ರೂಢಿಯಾಯಿತು.

ಅವರ ಮನೆಯವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು, ತೀರಿಹೋಗಿದ್ದರು. ಒಬ್ಬಳೇ ಮಗಳು ವಿಜಯಪುರದಲ್ಲಿ ಗಂಡನೊಂದಿಗೆ ಅಂಗಡಿ ನಡೆಸುತ್ತಿದ್ದಳು. ಅಕ್ಕಾರಿಗೆ ಹೊತ್ತು ಹೋಗದ ಮಾತೇ ಇರಲಿಲ್ಲ. ಸುಗ್ಗಿಯಲ್ಲಿ ಪಕ್ಕದ ಒಣದ್ರಾಕ್ಷಿ ಶೆಡ್ಡಿಗೆ ಹೋಗಿ ಹೆಂಗಸರೊಂದಿಗೆ ಹರಟುತ್ತ ಕಪ್ಪು, ಹಸಿರು, ಹಳದಿ ಎಂದು ಆರಿಸಿ ಬೇರೆ ಮಾಡಿಕೊಡುತ್ತಿದ್ದರು. ಯಾರೇ ಬಂದರೂ ಚಹಾದ ಕಪ್ಪನ್ನು ಅವರಿಗೆ ಕೊಟ್ಟು ತಾವು ಬಸಿಯಲ್ಲಿ ಕುಡಿಯುವುದು ಅವರ ರೀತಿ. ಜೋರಾಗಿ ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವರು. ರಮಜಾನಿಗೆ ನಮ್ಮ ಮನೆಗೆ ಬಂದಾಗ ಅಮ್ಮಿ ಕೊಟ್ಟ ಸುರಕುಂಬಾ ಪಾಯಸದ ಬಟ್ಟಲಿನಿಂದ ಒಂದು ಒಣದ್ರಾಕ್ಷಿ ತೆಗೆದು ಬೆಳಕಿಗೆ ಹಿಡಿದು, "ಈ ಮಣೂಕ ಎಲ್ಲೀದ್ರಿ? ನಿಮಗ ಮೋಸ ಮಾಡ್ಯಾನ ನೋಡ್ರಿ ಅಂಗಡಿಯಾಂವ," ಎಂದು ಅಮ್ಮಿಯನ್ನು ಗಾಬರಿಗೊಳಿಸಿದ್ದರು. ಬೈಯುತ್ತಲೇ ಎರಡು ಬಟ್ಟಲು ಮುಗಿಸಿದರು. ಮರುವಾರ ತಾವೇ ಆರಿಸಿದ ಒಂದು ಡಬ್ಬಿ ಕಳಿಸಿದರು.

ನನ್ನ ಪ್ರಬಂಧದ ತಪ್ಪುಗಳನ್ನು ಅವರು ಒಂದೊಂದಾಗಿ, ಬೇರೆ ಬೇರೆ ದಿನ ಹೇಳಿದರು.

"ಹಾಲ ಉಕ್ಕಿದ್ದು ಸುಳ್ಳ ರಿ," ಎಂದರು ಒಮ್ಮೆ. "ನಮ್ಮನ್ಯಾಗ ಆವಾಗ ಹಾಲ ಎಲ್ಲಿತ್ತು? ಆಕಳು ಬತ್ತಿತ್ತು. ಚಾಕ್ಕ ಕೂಡ ಮಂದಿ ಮನಿಯಿಂದ ತರತಿದ್ವಿ. ಆಂವ ಎಲ್ಲಿಂದ ತಂದು ಉಕ್ಕಿಸಿದ್ನೋ!" ಆ ಹಾಲಿನ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಅದನ್ನು ಹೇಳಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆದರೆ ಸೀರೆಯ ಮಾತು ನಿಜ ಎಂದರು. ಸಂಜೆಗೆ ಹಗುರಾಗುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ. ಪುಸ್ತಕ ಓದಿದ ಮೇಲೆ, ಹೌದಲ್ಲ, ದೀಪ ಹಚ್ಚುವ ಹೊತ್ತಿಗೆ ಎರಡು ಮಾತು ಆಡುತ್ತಿದ್ದೆ ಎಂದು ನೆನಪಾಯಿತಂತೆ. ಆ ವರ್ಷ ರಜೆಗೆಂದು ಬಂದ ತಮ್ಮ ಅವರ ಮನೆಯಲ್ಲಿದ್ದ. ಬಾಗಿಲಲ್ಲಿ ಕುಳಿತು ಓದುತ್ತಿದ್ದವನು ಓದುವುದನ್ನು ಬಿಟ್ಟು ಅಕ್ಕನನ್ನು ನೋಡಿದ್ದ.

"ದುಃಖ ಅಂತಾರ ಎಲ್ಲಾರೂ," ಎಂದರು ಇನ್ನೊಂದು ದಿನ. "ದುಃಖ ಇದ್ದಿದ್ರ ಛಲೋ ಇತ್ರಿ, ಅಳಾಕರೆ ಬರತಿತ್ತು. ಅತ್ತಿಯವರು ಸತ್ತವರ ಮನಿಗೆ ಕರಕೊಂಡು ಹೋಗಿದ್ರು, ಅಲ್ಲೂ ನನಗ ಅಳು ಬರಲಿಲ್ಲ. ಏನೂ ಇರಲಿಲ್ಲ ಒಳಗ."

"ಕೂಸು ಅಳೂದು ಕೇಳತಿತ್ತೇನ್ರಿ?" ಎಂದೆ.

ಅವರು ಬಸಿ ಕೆಳಗಿಟ್ಟರು. "ಕೇಳತಿತ್ರಿ. ಕಿವುಡಿ ಆಗಿರಲಿಲ್ಲ ನಾ. ನನ್ನ ಮೈಯಾಗ ಏನೋ ಕೆಟ್ಟದ್ದು ಹೊಕ್ಕೈತಿ, ಮುಟ್ಟಿದ್ರ ಕೂಸಿಗೂ ಹತ್ತೀತು ಅನಸ್ತಿತ್ತು. ಕೂಸರೆ ಉಳೀಲಿ ಅಂತ ದೂರ ಇಟ್ಟೆ. ಅದು ಅತ್ತಾಗ ಕೈ ತಾವ ಏಳತಿದ್ದುವು. ಎರಡೂ ಕೈ ತೊಡಿ ಬುಡಕ ಇಟಗೊಂಡು, ಅವುಗಳ ಮ್ಯಾಲ ಕುಂತ ಬಿಡತಿದ್ದೆ. ನಮ್ಮ ತಮ್ಮ ಬಾಗಲದಾಗಿಂದ ನೋಡಿದಾ. ಕೂಸು ಅತ್ತರೂ ತಾಯಿ ಕೈ ಎತ್ತಲಿಲ್ಲ ಅಂತ ಬರದಾ. ಆಂವ ಬರದದ್ದು ಸುಳ್ಳಲ್ಲ. ಆದ್ರ ಕೈ ಎಲ್ಲಿದ್ದುವು ಅಂತ ಅವಗ ಕಾಣಲಿಲ್ಲ."

ಯಾವ ವಿಮರ್ಶಕನೂ, ನಾನೂ, ಈ ಒಂದು ಮಾತಿನ ಹತ್ತಿರ ಬಂದಿರಲಿಲ್ಲ. ನನ್ನ ಮುಖ ಹೇಗಾಗಿತ್ತೋ, ಅವರು ನೋಡಿ ಸಣ್ಣಗೆ ನಕ್ಕರು.

"ಬರೀಬೇಕು ಅನಸಾಕತ್ತೈತೇನ್ರಿ? ನಮ್ಮ ತಮ್ಮನ ಕಣ್ಣೂ ಹಿಂಗ ಆಗತಿದ್ದುವು."

ನಾನು ನಾಚಿ, ಇಲ್ಲ ಎಂದೆ.

"ಬರೀರಿ, ಅದಕ್ಕೇನು. ಹೆಸರು ಹಾಕಬ್ಯಾಡ್ರಿ. ಮತ್ತ ಬಾವಿಗೆ ದಬ್ಬಬ್ಯಾಡ್ರಿ."

ಪುಸ್ತಕ ಬಂದಾಗ ತಮ್ಮ ಒಂದು ಪ್ರತಿ ತಂದುಕೊಟ್ಟು ಎರಡು ದಿನ ಅಲ್ಲಿಯೇ ಉಳಿದಿದ್ದನಂತೆ. ಅಕ್ಕ ಓದಿ ಮುಗಿಸಿದಾಗ ಹತ್ತಿರ ಬಂದು, ಸಿಟ್ಟು ಬಂತೇನು ಎಂದು ಕೇಳಿದ. "ಕಡೀಕ ಯಾಕ ಬಾವಿಗೆ ಹಾಕಿದ್ಯೋ?" ಎಂದರು ಅಕ್ಕಾರು. "ಪುಸ್ತಕ ಮುಗೀಬೇಕಲ್ಲಕ್ಕಾ," ಎಂದನಂತೆ. ಆಮೇಲೆ ಅವನು ಬಂದಾಗಲೆಲ್ಲ ಸೀರೆ ತರುತ್ತಿದ್ದ, ಹಣ್ಣು ತರುತ್ತಿದ್ದ. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. "ಅವಗೂ ಸಂಕಟ ಇತ್ರಿ ಪಾಪ. ನಾ ಬದುಕಿದ್ದು ಅವಗ ಭಾಳ ಕಾಡತಿತ್ತು," ಎಂದು ಅಕ್ಕಾರು ತಮ್ಮನ ಮೇಲೆಯೇ ಕನಿಕರಪಟ್ಟರು.

ಆ ಕಾಯಿಲೆ ಅವರನ್ನು ಹೇಗೆ ಬಿಟ್ಟಿತು ಎಂದು ಕೇಳಿದ್ದೆ. ಯಾರೂ ಔಷಧ ಕೊಡಿಸಿರಲಿಲ್ಲ. "ಬಂದಂಗ ಹೋತು. ಒಂದಿನ ಸಾರಿಗೆ ಉಪ್ಪ ಕಡಿಮಿ ಆಗೈತಿ ಅನಸ್ತು. 'ಅತ್ತಿ, ಉಪ್ಪ ಸಾಲವಲ್ದು' ಅಂದೆ. ಅತ್ತಿಯವರು ನನ್ನ ಮಾರಿ ನೋಡಿ ಅಳಾಕ ಚಾಲೂ ಮಾಡಿದ್ರು." ಅಷ್ಟರಲ್ಲಿ ಕೂಸು ಅಜ್ಜಿಯ ಕೂಸಾಗಿತ್ತು. ಇವರು ಎತ್ತಿಕೊಂಡರೆ ಅಜ್ಜಿಯ ಕಡೆಗೆ ಕೈ ಚಾಚುತ್ತಿತ್ತು.

ಮಗಳ ಮಾತು ಬಂದಾಗ ಮಾತ್ರ ಅಕ್ಕಾರು ಬೇರೆಯವರಾಗುತ್ತಿದ್ದರು. ಮಗಳು ಬರುತ್ತಿದ್ದಳು, ಹಬ್ಬಕ್ಕೆ ಫೋನು ಮಾಡುತ್ತಿದ್ದಳು, ಔಷಧಿ ಬಟ್ಟೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಆದರೆ ಬಂದವಳು ಉಂಡು ಎದ್ದು ಹೊರಟುಬಿಡುವಳು. ಒಂದು ರಾತ್ರಿಯೂ ಉಳಿದವಳಲ್ಲ. ಚೊಚ್ಚಲ ಹೆರಿಗೆಗೂ ತವರಿಗೆ ಬರಲಿಲ್ಲ, ಗಂಡನ ಮನೆಯಲ್ಲಿಯೇ ಬಾಣಂತನ ಮಾಡಿಸಿಕೊಂಡಳು. ಆ ವರ್ಷ ಊರ ಹೆಂಗಸರು ಕೇಳಿದಾಗಲೆಲ್ಲ ಅಕ್ಕಾರು ಏನೇನೋ ಕಾರಣ ಕಟ್ಟಿ ಹೇಳಿದ್ದರು. "ನನ್ನ ಕೈಯಾಗ ಕೂಸು ಕೊಡಾಕ ಅಂಜಿರಬೇಕ್ರಿ. ಆಕೀದೇನ ತಪ್ಪು?"

ತಿಕೋಟಾದಿಂದ ಬರುವಾಗ ಅವರು ವಿಜಯಪುರದ ಬಸ್ಸು ಹತ್ತಿದ್ದು ಯಾಕೆಂದು ಆಮೇಲೆ ತಿಳಿಯಿತು. ಸೊಲ್ಲಾಪುರ ರಸ್ತೆಯಲ್ಲಿ ಮಗಳ ಅಂಗಡಿ. ಅಕ್ಕಾರು ಆಗಾಗ ಹೋಗಿ ರಸ್ತೆಯ ಈ ಬದಿಯಲ್ಲಿ, ಟಯರಿನ ಅಂಗಡಿಯ ಪಕ್ಕ, ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಎದುರಿಗೆ ಹೋದರೆ ಮಗಳು, "ಬಂದ್ಯಾ ಅವ್ವಾ, ಚಾ ಕುಡೀತಿ?" ಎಂದು ಗಿರಾಕಿಗೆ ಕೇಳಿದ ಹಾಗೆ ಕೇಳುತ್ತಾಳೆ. "ಈ ಕಡೆ ನಿಂತ್ರ ಆಕಿ ನಗೂದು ಕಾಣತೈತ್ರಿ."

ನಾನು ಮತ್ತೆ ನನ್ನ ಪ್ರಬಂಧವನ್ನೇ ಹೇಳಿದೆ. ಇದು ನಿಮ್ಮ ತಪ್ಪಲ್ಲ, ಹಾಗೆ ಅನಿಸುವುದು ಕಾಯಿಲೆಯ ಲಕ್ಷಣ ಎಂದೆ.

"ಆ ಜಡ್ಡು ಯಾವತ್ತೋ ಬಿಟ್ಟೈತ್ರಿ. ಇದ್ಯಾಕ ಬಿಡವಲ್ದು?"

ಒಬ್ಬ ಒಳ್ಳೆಯ ವೈದ್ಯರಿಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ಗುಳಿಗಿ ತಗೊಂಡ್ರ ಇದೂ ಹೋಗತೈತೇನ್ರಿ?"

"ಹೋಗಬಹುದ್ರಿ."

"ಬ್ಯಾಡ್ರಿ ಹಂಗಾರ. ಆಕಿ ಸಲುವಾಗಿ ನಾ ಇಟಗೊಂಡದ್ದು ಇದೊಂದ. ಇದೂ ಹೋದ್ರ ಖರೇನ ಏನೂ ಮಾಡದ ತಾಯಿ ಆಗತೀನಿ."

ಅದು ಕಾಯಿಲೆಯ ಮಾತೋ ತಾಯಿಯ ಮಾತೋ ನನಗೆ ಇಂದಿಗೂ ಬಗೆಹರಿದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈ ಹಿಡಿದು ಬಸ್ಸು ಹತ್ತಿಸುತ್ತಿದ್ದರೇನೋ. ನಾನು ಅವರ ಮನಸ್ಸಿಗೆ ಮರ್ಯಾದೆ ಕೊಡಬೇಕೆಂದು ಸುಮ್ಮನಾದೆ.

ಒಂದು ದಿನ ಅವರೇ ನನ್ನಿಂದ ಒಂದು ಕೆಲಸ ಆಗಬೇಕು ಎಂದರು.

"ತಿಕೋಟಾದಾಗ ಹೇಳಿದ್ದನ್ನ ನನ್ನ ಮಗಳ ಮುಂದ ಒಮ್ಮಿ ಹೇಳ್ರಿ. ಕೈ ಯಾಕ ಎತ್ತಲಿಲ್ಲ ಅಂತ ನಿಮಗ ಹೇಳೀನಲ್ಲ, ಅದನ್ನೂ ಹೇಳ್ರಿ. ನಾ ಹೇಳಿದ್ರ ನೆಪಾ ಹೇಳಿದಂಗ ಆಗತೈತಿ. ನೀವು ಕಲಿತವರು, ನಂಬತಾಳ." ಆಮೇಲೆ, "ಒಳಗ ಖಾಲಿ ಉಳೀತೈತಿ ಅಂದ್ರಲ್ಲ, ಅದೊಂದು ಹೇಳಬ್ಯಾಡ್ರಿ," ಎಂದರು.

ಮಗಳ ಅಂಗಡಿ ಎಂದರೆ ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವ ಜಾಗ. ಒಳಗೆ ಗಂಡ ತಂತಿ ಸುತ್ತುತ್ತ ಕುಳಿತಿದ್ದ. ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುವವಳು ಇವಳು. ನಲವತ್ತರ ಆಸುಪಾಸು, ತಾಯಿಯದೇ ಮೈಬಣ್ಣ, ಚುರುಕು ಮಾತು. ನಿಮ್ಮ ಅವ್ವಾರು ಕಳಿಸಿದ್ದಾರೆ ಎಂದ ಕೂಡಲೇ ಗಾಬರಿಯಾಗಿ, "ಆರಾಮ ಅದಾಳಲ್ರಿ ಅವ್ವ?" ಎಂದಳು. ಆರಾಮಿದ್ದಾರೆ, ನಿಮ್ಮ ಮಾಮಾನ ಕಾದಂಬರಿಯ ಬಗ್ಗೆ ಒಂದು ಮಾತು ಹೇಳಬೇಕಿತ್ತು ಎಂದೆ. ಅವಳ ಮುಖ ಮುಚ್ಚಿಕೊಂಡಿತು.

"ಅದೊಂದ ಬಿಟ್ಟು ಬ್ಯಾರೆ ಏನರೆ ಹೇಳ್ರಿ ಮೇಡಂ."

ಚಹಾ ತರಿಸಿದಳು. ಇಬ್ಬರು ಗಿರಾಕಿಗಳು ಬಂದು ಹೋದರು. ನಾನು ಎದ್ದು ಹೋಗಲಿಲ್ಲವೆಂದೋ ಏನೋ, ಕೊನೆಗೆ ಅವಳೇ ಮಾತು ತೆಗೆದಳು.

"ಬಿ.ಎ.ದಾಗ ನಮಗ ಅದ ಪಠ್ಯ ಇತ್ರಿ. ಪರೀಕ್ಷಾಕ್ಕ ಕೇಳಿದ್ರು, ಮಂಗಲಾ ತಾಯಿಯೇ, ಚರ್ಚಿಸಿ ಅಂತ. ಅಲ್ಲ ಅಂತ ಬರದೆ. ಪುಟಗಟ್ಟಲೆ ಬರದೆ. ಹಿಂಗ ಬರೀಬೇಕು ನೋಡ್ರಿ ಅಂತ ಸರ್ ಇಡೀ ಕ್ಲಾಸಿಗೆ ಓದಿ ತೋರಿಸಿದ್ರು."

"ಅವ್ವಾರ ಕಥಿ ಅಂತ ಗೊತ್ತಿತ್ತೇನು?"

"ಗೊತ್ತಿದ್ದ ಬರದೆ ರಿ. ಸಿಟ್ಟಿತ್ತು. ಬರದ ಮ್ಯಾಲ ಸಿಟ್ಟು ಹೋತು, ಬರದದ್ದು ಉಳೀತು. ಮನಿಗೆ ಹೋದ್ರ ಅವ್ವ ಬಿಸಿ ರೊಟ್ಟಿ ಬಡದು ಹಾಕತಾಳ. ನನಗ ಆ ಪುಟ ನೆನಪಾಗತಾವ. ಕುಂದ್ರಾಕ ಆಗಂಗಿಲ್ಲ, ಎದ್ದ ಬಂದಬಿಡತೀನಿ." ಮೇಜಿನ ಮೇಲಿನ ಒಂದು ನಟ್ಟನ್ನು ತಿರುಗಿಸುತ್ತ ಹೇಳಿದಳು: "ಹಡೆಯೂ ಹೊತ್ತಿನ್ಯಾಗ ತವರಿಗೆ ಹೋಗಲಿಲ್ಲ. ಅಂಥಾದ್ದು ಬರದು, ಅಕಿ ಕೈಲೆ ಎಣ್ಣಿ ಹಚಗೋಬೇಕೇನ್ರಿ ನಾ? ಇದನ್ನ ಅವ್ವಗ ಹೇಳಬ್ಯಾಡ್ರಿ ಮತ್ತ."

ನನ್ನ ಬಾಯಿಯವರೆಗೂ ಬಂದಿತ್ತು. "ಒಂದ ನಿಮಿಷ ಕೇಳ್ರಿ. ಅವರು ನಿಮ್ಮನ್ನ ಎತ್ತಲಿಲ್ಲ ಅಂದ್ರ, ಅದಕ್ಕ..."

"ಬ್ಯಾಡ್ರಿ ಮೇಡಂ. ಕೈ ಮುಗೀತೀನಿ." ಅವಳು ನಿಜವಾಗಿಯೂ ಕೈ ಮುಗಿದಳು. ಒಳಗಿನಿಂದ ಗಂಡ ಇಣುಕಿ ನೋಡಿದ. ನಾನು ಚೀಲ ಎತ್ತಿಕೊಂಡು ಎದ್ದೆ.

ಬಬಲೇಶ್ವರದಲ್ಲಿ ಅಕ್ಕಾರು ಹೊಸ್ತಿಲ ಬಳಿಯೇ ಕಾಯುತ್ತಿದ್ದರು.

"ಏನಂದ್ಲು?"

"ಆಕಿಗೆ ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕಾರ." ಅದು ನಿಜವಿತ್ತು.

"ಎಲ್ಲಾ ಹೇಳಿದ್ರಿ?"

ಅವರ ಮುಖ ನೋಡಿ, "ಹೇಳಿದೆ," ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಆ ಹೊತ್ತಿಗೆ ತಿದ್ದಿಕೊಳ್ಳಬಹುದಿತ್ತು. ಮಗಳು ಮುಂದೆಂದಾದರೂ ಕೇಳಲು ಒಪ್ಪಿಯಾಳು, ಆಗ ಹೇಳಿದರಾಯಿತು, ಸುಳ್ಳು ಆಗ ನಿಜವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಕೆಲವು ವಾರಗಳ ಮೇಲೆ ಅಕ್ಕಾರ ಫೋನು ಬಂತು. ಧ್ವನಿ ಗುರುತೇ ಸಿಗಲಿಲ್ಲ, ಹುಡುಗಿಯ ಧ್ವನಿಯಂತಿತ್ತು.

"ಬಂದಿದ್ಲು ರಿ ಮಗಳು. ಉಂಡ ಮ್ಯಾಲ ಹೊಂಡತಾಳ ಅಂತ ನಾ ಚೀಲ ತಂದಿಟ್ಟೆ. ಇಲ್ಲೇ ಸ್ವಲ್ಪ ಅಡ್ಡಾಗತೀನವ್ವಾ ಅಂದ್ಲು. ಚಾಪಿ ಮ್ಯಾಲ ಮಲಗಿದಾಕಿ ದನ ಬರೂ ಹೊತ್ತಿನ ತನಕ ಎದ್ದಿಲ್ಲ ನೋಡ್ರಿ. ನಾ ಪಕ್ಕದಾಗ ಕುಂತಿದ್ದೆ. ಮುಟ್ಟಲೋ ಬ್ಯಾಡೋ ಅಂತ ಭಾಳ ಹೊತ್ತು ಕುಂತೆ."

"ಮುಟ್ಟಿದ್ರೇನ್ರಿ?"

"ತಲಿ ಮ್ಯಾಲ ಕೈ ಇಟ್ಟೆ. ಎಚ್ಚರ ಆಗಿರಬೇಕು ಆಕಿಗೆ. ಕಣ್ಣ ತೆಗೀಲಿಲ್ಲ."

ಎದ್ದ ಮೇಲೆ ಮಗಳು ಆ ಪರೀಕ್ಷೆಯ ಮಾತನ್ನು ತಾನೇ ಹೇಳಿದಳಂತೆ, ಅಳುತ್ತ, ತೊದಲುತ್ತ. ಅಕ್ಕಾರು ಎಲ್ಲ ಕೇಳಿ, "ಎಷ್ಟ ಮಾರ್ಕ್ಸ್ ಬಿದ್ದುವು?" ಎಂದರಂತೆ. ಕ್ಲಾಸಿಗೇ ಹೆಚ್ಚು ಎಂದಳಂತೆ ಮಗಳು. "ಇಬ್ಬರೂ ನಕ್ಕಿವ್ರಿ. ಹಿಂದಿನ ಮನಿಯಾಕಿ ಏನಾತು ಅಂತ ಬಂದು ನೋಡಿದ್ಲು, ಅಷ್ಟ ನಕ್ಕಿವಿ." ಆಮೇಲೆ ತಗ್ಗಿದ ಧ್ವನಿಯಲ್ಲಿ, "ನೀವು ತಿಳಿಸಿ ಹೇಳಿದ್ದಕ್ಕ ಬಂದಾಳ್ರಿ. ಎಲ್ಲಾ ಗೊತ್ತಾಗಿ ಬಂದಾಳ. ನಾ ಮತ್ತ ಆ ಮಾತು ತಗೀಲಿಲ್ಲ," ಎಂದರು.

ಅವರ ಸಂತೋಷದಲ್ಲಿ ನನ್ನ ಸುಳ್ಳು ಒಂದು ಮೂಲೆಯಲ್ಲಿ ಕುಳಿತುಕೊಂಡಿತು. ಮಗಳು ಬಂದದ್ದು ನನ್ನಿಂದ ಅಲ್ಲ, ನಾನು ಹೇಳದೆಯೂ ಬಂದಿದ್ದಳು. ಹಾಗಾದರೆ ಹೇಳುವ ಅಗತ್ಯವೇ ಇಲ್ಲವಲ್ಲ ಎಂದೂ ಅನಿಸಿತು. ಆಮೇಲೆ ಮಗಳು ಆಗಾಗ ಬರತೊಡಗಿದಳು, ಎರಡು ಸಲ ರಾತ್ರಿ ಉಳಿದಳು. ನನ್ನ ಹೋಗಿಬರುವುದು ಕಡಿಮೆಯಾಯಿತು. ಮೌಲ್ಯಮಾಪನ, ಪರೀಕ್ಷೆ ಎಂದು ಕಾರಣಗಳಿದ್ದವು. ನಿಜವಾದ ಕಾರಣ, ತಾಯಿಮಗಳು ಒಟ್ಟಿಗೆ ಇದ್ದಾಗ ನನ್ನನ್ನು ಕಂಡರೆ ಆ ಮಾತು ಎದ್ದೀತು ಎಂಬ ಅಂಜಿಕೆ.

ಹೋದ ತಿಂಗಳು ಮಗಳ ಫೋನು ಬಂತು. ಮಣ್ಣು ಮಾಡುವ ಹೊತ್ತಿಗೆ ತಲುಪಿದೆ. ಅಲ್ಲಿ ಮಾತಾಡುವಂತಿರಲಿಲ್ಲ. ಮೂರನೆಯ ದಿನದ ಕಾರ್ಯ ಮುಗಿಸಿ ಜನ ಚದುರಿದ ಮೇಲೆ ಅವಳು ನನ್ನನ್ನು ಒಳಗಿನ ಕೋಣೆಗೆ ಕರೆದು ಕೂರಿಸಿದಳು. ಅತ್ತು ಅತ್ತು ಅವಳ ಮುಖ ಬಾತುಕೊಂಡಿತ್ತು.

"ಮೇಡಂ, ಅವ್ವ ಒಂದ ಮಾತು ಆಗಾಗ ಅಂತಿದ್ಲು. 'ನಿನಗ ಎಲ್ಲಾ ಗೊತ್ತೈತಲ್ಲ, ಮೇಡಮ್ಮಾರು ಹೇಳ್ಯಾರಲ್ಲ' ಅಂತ. ನಾ ಹೂಂ ಅಂತಿದ್ದೆ. ಏನ್ರಿ ಅದು?"

ಗೋಡೆಗೆ ಒರಗಿ ಕುಳಿತು ಹೇಳಿದೆ. ಖಿನ್ನತೆಯ ಮಾತು, ಲಕ್ಷಣಗಳ ಮಾತು ಯಾವುದೂ ಬೇಕಾಗಲಿಲ್ಲ. ನಿಮ್ಮನ್ನು ಎತ್ತಿಕೊಳ್ಳಲು ಅವ್ವಾರ ಕೈಗಳು ಏಳುತ್ತಿದ್ದವು, ತಮ್ಮ ಕೇಡು ನಿಮಗೆ ತಗಲೀತೆಂದು ಅಂಜಿ ಆ ಕೈಗಳ ಮೇಲೆ ತಾವೇ ಕುಳಿತುಬಿಡುತ್ತಿದ್ದರು ಎಂದೆ. ಇದನ್ನು ನಿಮಗೆ ಹೇಳಲೆಂದೇ ನನ್ನನ್ನು ಅಂಗಡಿಗೆ ಕಳಿಸಿದ್ದರು ಎಂದೆ. ನಾನು ಹೇಳಿಬಂದೆನೆಂದು ಅವ್ವಾರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ.

ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಅವತ್ತ ಯಾಕ ಹೇಳಲಿಲ್ರಿ?"

"ನೀವು ಬ್ಯಾಡ ಅಂದ್ರಿ. ಕೈ ಮುಗದ್ರಿ."

"ಬ್ಯಾಡ ಅಂದ್ರ ಬಿಟ್ಟಬಿಡೂದೇನ್ರಿ?" ಎಂದಳು. ಸಿಟ್ಟಿನಿಂದ ಅನ್ನಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ ಕೇಳಿದಳು. "ಅಕಿಗೆ ನಾ ಒಂದ ಮಾತರೆ ಅಂತಿದ್ದೆ."

ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಬೇಕಾದವರಲ್ಲಿ ಒಬ್ಬರನ್ನು ಆಗಲೇ ಮಣ್ಣು ಮಾಡಿಯಾಗಿತ್ತು. ನಾನು ಏಳಲು ನೋಡಿದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು.

"ಇನ್ನೊಮ್ಮಿ ಹೇಳ್ರಿ," ಎಂದಳು. "ನಿಮ್ಮ ಮಾತಿನ್ಯಾಗ ಬ್ಯಾಡ. ಅವ್ವ ಹೆಂಗ ಹೇಳಿದ್ಲೋ ಹಂಗ ಹೇಳ್ರಿ."

ಅಕ್ಕಾರು ಬಸಿ ಕೆಳಗಿಟ್ಟು 'ಕೇಳತಿತ್ರಿ' ಎಂದಲ್ಲಿಂದ ಶುರು ಮಾಡಿ, ಮತ್ತೆ ಹೇಳಿದೆ.